ಮುರಿಯಲಿ ಅಂತಾನೇ ಕಟ್ಟೋ ಸೇತುವೆ

ಮುಂಡರಗಿ ದಾಟಿ ಹೂವಿನಹಡಗಲಿ ಕಡೆ ಹೋಗಿದ್ದೀರಾ? ಕೊರ್ಲಹಳ್ಳಿ ಹತ್ತಿರ ಬಸ್ಸು ತುಂಗಭದ್ರಾ ದಾಟುವಾಗ, ಕೆಳಗಿನ ಸೇತುವೆ ಇಷ್ಟು ಭಾರ ಹೆಂಗ ತಡೀತದೆ ಅಂತ ಯೋಚನೆ ಬಂದಿದೆಯಾ? ಸೇತುವೆ ಭಾರ ಹೊರೋ ಗುಟ್ಟನ್ನ ನಿಮ್ಮ ವಿಜ್ಞಾನ ಕ್ಲಾಸಲ್ಲೇ ಹುಡುಕಬಹುದು.

ಮೊದಲು ರಟ್ಟಿನ ನಾಲ್ಕು ಪಟ್ಟಿ ತಗೊಂಡು, ಮೂಲೆಗೆ ಪಿನ್ ಚುಚ್ಚಿ ಚೌಕ ಮಾಡ್ರಿ. ಒಂದು ಮೂಲೆ ತಳ್ಳಿದ್ರೆ ಸಾಕು, ವಾಲಿಬಿಡ್ತದೆ. ಈಗ ಮೂರೇ ಪಟ್ಟಿಯ ತ್ರಿಕೋನ ಮಾಡಿ ತಳ್ಳಿ ನೋಡ್ರಿ. ಆಕಾರ ಬದಲಾಗಲ್ಲ. ಬದಲಾಗಬೇಕಂದ್ರೆ ಪಟ್ಟಿ ಬಾಗಬೇಕು, ಇಲ್ಲಾ ಪಿನ್ ಕಿತ್ತು ಬರಬೇಕು. ರೈಲ್ವೆಯ ಹಳೇ ಕಬ್ಬಿಣದ ಸೇತುವೆಗಳಲ್ಲಿ ಸಾಲಾಗಿ ತ್ರಿಕೋನ ಕಾಣೋದು ಇದಕ್ಕೇ. ಆ ಚೌಕಟ್ಟಿಗೆ ಟ್ರಸ್ ಅಂತಾರೆ.

ಈಗ ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್ ತಗೊಂಡು ಅಂಥದ್ದೇ ಸೇತುವೆ ಕಟ್ಟಿ, ಒಂದು ದಿನ ಒಣಗಿಸಿ. ಎರಡು ಟೇಬಲ್ ನಡುವೆ ಇಟ್ಟು, ಮಧ್ಯಕ್ಕೆ ಬಕೆಟ್ ನೇತುಹಾಕಿ ನಿಧಾನಕ್ಕೆ ನೀರು ಸುರೀರಿ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ಲೆಕ್ಕ ಸುಲಭ. ಭಾರ ಏರಿದಂಗೆ ಮೇಲಿನ ಕಡ್ಡಿಗಳು ಒತ್ತಿಕೊಳ್ತವೆ, ಕೆಳಗಿನವು ಎಳೆತಕ್ಕೆ ಸಿಗ್ತವೆ. ಮೊಬೈಲ್ ಸ್ಲೋ ಮೋಷನ್‌ನಲ್ಲಿ ಇಡ್ರಿ. ಮೊದಲು ಹೋಗಿದ್ದು ಯಾವುದು? ಮೇಲಿನ ಕಡ್ಡಿ ಬಾಗಿತಾ, ಕೆಳಗಿನದು ಹರೀತಾ, ಅಂಟು ಬಿಟ್ಟಿತಾ? ಎಷ್ಟೋ ಸಲ ಕಡ್ಡಿ ಗಟ್ಟಿ ಇರ್ತದೆ, ಅಂಟೇ ಕೈಕೊಡ್ತದೆ.

ನಾನು ಕಾಮರ್ಸ್ ಓದಿದವನು, ಲೆಕ್ಕ ಬಿಡಲ್ಲ. 100 ಗ್ರಾಂ ಸೇತುವೆ 12 ಕೆಜಿ ಹೊತ್ರೆ, ತನ್ನ ತೂಕದ 120 ಪಟ್ಟು. 200 ಗ್ರಾಂದು 18 ಕೆಜಿ ಹೊತ್ರೆ ಬರೀ 90 ಪಟ್ಟು. ಹೆಚ್ಚು ಹೊತ್ತದ್ದು ಎರಡನೇದು. ಹಾಕಿದ ಬಂಡವಾಳಕ್ಕೆ ಹೆಚ್ಚು ಲಾಭ ಕೊಟ್ಟದ್ದು ಮೊದಲನೇದು. ಬರೀ ಕಡ್ಡಿ ಪೇರಿಸಿದ್ರೆ ಗೆಲ್ಲಲ್ಲ.

ಇದೆಲ್ಲ ಆಟ ಅನ್ನಿಸಬಹುದು. ಆದ್ರೆ ಅದೇ ತುಂಗಭದ್ರಾ ಮುಂದೆ ಹಂಪಿಗೆ ಹೋಗ್ತದೆ. ಅಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಕೆಲಸ ಮಾಡ್ತಿದ್ದ ಕಾರ್ಮಿಕರು ಪ್ರಾಣ ಕಳ್ಕೊಂಡ್ರು. ಕ್ಲಾಸಲ್ಲಿ ಮುರಿದ್ರೆ ಹೋಗೋದು ಹತ್ತಿಪ್ಪತ್ತು ರೂಪಾಯಿ ಕಡ್ಡಿ. ಹೊಳೆ ಮೇಲೆ ಮುರಿದ್ರೆ ಹೋಗೋದು ಮನುಷ್ಯರ ಜೀವ.

ಅದಕ್ಕೇ, ಮುರಿದದ್ದನ್ನ ಕಸದ ಬುಟ್ಟಿಗೆ ಹಾಕಬ್ಯಾಡ್ರಿ. ಎಲ್ಲಿ ಮುರೀತು ಅಂತ ಗುರುತು ಮಾಡಿ, ಆ ಜಾಗ ಸರಿಮಾಡಿ ಇನ್ನೊಂದು ಕಟ್ರಿ. ಮಾರ್ಕ್ಸ್ ಮೊದಲನೇ ಸೇತುವೆಗೆ ಸಿಗಬಹುದು, ಪಾಠ ಸಿಗೋದು ಎರಡನೇದ್ರಲ್ಲಿ. ಬರ್ತೀನ್ರೀ, ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.