ಸೆಟ್ಟಿನಡಿಯ ಶಿಲೀಂಧ್ರಕ್ಕೆ ಅಂಟು ಮದ್ದು

ಮೇಲ್ದವಡೆಗೆ ಪೂರ್ತಿ ಹಲ್ಲುಸೆಟ್ ಕಟ್ಟಿಸಿಕೊಂಡ ಅನೇಕರು ಮಲಗುವಾಗಲೂ ಅದನ್ನು ತೆಗೆಯುವುದಿಲ್ಲ. ಮೊಮ್ಮಕ್ಕಳೆದುರು ಬೊಚ್ಚುಬಾಯಿ ತೋರಲು ಸಂಕೋಚ, ಇಲ್ಲವೇ ಬರೀ ಮರೆವು. ಸೆಟ್ಟಿಗೂ ಅಂಗುಳಿಗೂ ನಡುವಿನ ಸಂದಿಗೆ ಜೊಲ್ಲು ಸರಿಯಾಗಿ ಹರಿಯದು. ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರಕ್ಕೆ ಬೇಕಾದದ್ದೂ ಅಂಥದೇ ಜಾಗ. ಸೆಟ್ಟು ಮುಚ್ಚಿದಷ್ಟು ಜಾಗ ಕೆಂಪೇರುತ್ತದೆ. ಹೆಚ್ಚಿನವರಿಗೆ ನೋವೇ ಇರುವುದಿಲ್ಲವಾದ್ದರಿಂದ ದಂತವೈದ್ಯರು ಸೆಟ್ ತೆಗೆಸಿ ನೋಡಿದಾಗಲೇ ವಿಷಯ ಬಯಲಾಗುವುದು.

ಕೆಂಪು ಕಾಣುವುದು ಅಂಗುಳಲ್ಲಿ, ಶಿಲೀಂಧ್ರ ಬೀಡುಬಿಟ್ಟಿರುವುದು ಹೆಚ್ಚಾಗಿ ಸೆಟ್ಟಿನ ಅಕ್ರಿಲಿಕ್‌ನಲ್ಲಿ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಲೋಳೆಪದರ ಕಟ್ಟಿ ಕೂತ ಶಿಲೀಂಧ್ರವನ್ನು ಬಿಟ್ಟು ಬಾಯಿಗಷ್ಟೇ ಮದ್ದು ಹಚ್ಚಿದರೆ ಕಾಯಿಲೆ ಮರಳುತ್ತದೆ.

ಮದ್ದಿಗೇನೂ ಬರವಿಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ 1950ರಲ್ಲೇ ನಿಸ್ಟಾಟಿನ್ ಪ್ರಕಟಿಸಿದ್ದರು. ವರ್ಜೀನಿಯಾದ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಬಂದ ಔಷಧವದು. ಕರುಳು ಅದನ್ನು ಹೀರಿಕೊಳ್ಳುವುದಿಲ್ಲವೆಂದೇ ಹೇಳಬಹುದು. ಹಾಗಾಗಿ ನುಂಗಿ ಪ್ರಯೋಜನವಿಲ್ಲ, ಶಿಲೀಂಧ್ರಕ್ಕೆ ತಾಗಿದಲ್ಲಿ ಮಾತ್ರ ಕೆಲಸ. ಬಾಯಲ್ಲೋ ದಿನಕ್ಕೆ ಸುಮಾರು ಒಂದು ಲೀಟರ್ ಜೊಲ್ಲು ಊರುತ್ತದೆ. ಹಾಕಿದ ಹನಿ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಗಿಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಆ ಕಹಿಯನ್ನು ಬಾಯಲ್ಲಿಟ್ಟುಕೊಳ್ಳಲು ಹಿರಿಯರು ಒಲ್ಲೆ ಎಂದರೆ ತಪ್ಪೇನು?

ಆದ್ದರಿಂದ ಹುಡುಕಾಟ ಮದ್ದನ್ನು ಹಿಡಿದಿಡುವ ವಸ್ತುವಿನ ಕಡೆ ತಿರುಗಿತು. ಸೆಟ್ಟಿನ ಒಳಮೈಗೆ ಬಳಿಯುವ ಮೆತ್ತನೆಯ ಅಸ್ತರು ಇವುಗಳಲ್ಲಿ ಹಳೆಯದು. ಅಕ್ರಿಲಿಕ್ ಜಾತಿಯ ಪುಡಿಯನ್ನು ಆಲ್ಕೋಹಾಲ್ ಇರುವ ದ್ರವದಲ್ಲಿ ಕಲಸಿದರೆ ಅದು ಮೆತ್ತಗಿನ ಜೆಲ್ ಆಗುತ್ತದೆ. ಆ ಪುಡಿಗೇ ನಿಸ್ಟಾಟಿನ್ ಬೆರೆಸುವ ಪ್ರಯೋಗ 1970ರ ದಶಕದಲ್ಲೇ ನಡೆದಿತ್ತು. ನೊಂದ ಅಂಗುಳಿಗೆ ಮೆತ್ತೆ, ಜೊತೆಗೆ ನಿಧಾನವಾಗಿ ಜಿನುಗುವ ಮದ್ದು: ಯೋಚನೆ ಸೊಗಸಾಗಿದೆ. ಆದರೆ ದಿನ ಕಳೆದಂತೆ ಆಲ್ಕೋಹಾಲೂ ಮೆದುಕಾರಕವೂ ಸೋರಿಹೋಗಿ ಅಸ್ತರು ಗಡುಸಾಗುತ್ತದೆ, ಒರಟಾಗುತ್ತದೆ. ಮದ್ದು ಮುಗಿದ ಒರಟು ಅಸ್ತರು ಶಿಲೀಂಧ್ರಕ್ಕೆ ಹೊಸ ಮನೆ. ಹಾಗಾಗಿ ಅದನ್ನು ಆಗಾಗ ಕಿತ್ತು ಬದಲಿಸಬೇಕು.

ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ದಾರಿ ಬೇರೆ. ಅದಕ್ಕೆ ಧನ ವಿದ್ಯುದಂಶ, ಬಾಯಿಯ ಲೋಳೆಗೆ ಋಣ. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಶಿಲೀಂಧ್ರದ ಬೆಳವಣಿಗೆಯನ್ನು ಅದು ತಾನೇ ತಡೆಯಬಲ್ಲದು ಎಂಬುದು ಇನ್ನೊಂದು ಲಾಭ. ಇನ್ನು ಕೆಲವು ಸಂಶೋಧಕರು ಸೆಟ್ಟಿನ ಅಕ್ರಿಲಿಕ್‌ಗೇ ಆಮ್ಲದ ಗುಂಪುಗಳನ್ನು ಸೇರಿಸಿ ಮೈಕೋನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕವನ್ನು ಹಿಡಿದಿಟ್ಟಿದ್ದಾರೆ. ಖಾಲಿಯಾದರೆ ಮತ್ತೆ ಮದ್ದಿನಲ್ಲಿ ನೆನೆಸಿ ತುಂಬಿಸಬಹುದು.

ಪೇಟೆಗೆ ಬಂದದ್ದು ಇನ್ನೂ ಸರಳ ಉಪಾಯ. ಕೋರೆಹಲ್ಲಿನ ಮೇಲ್ಭಾಗದ ಒಸಡಿಗೆ ಅಂಟಿಸಿ ಗಂಟೆಗಟ್ಟಲೆ ಕರಗಲು ಬಿಡುವ 50 ಮಿಲಿಗ್ರಾಂ ಮೈಕೋನಜೋಲ್ ಮಾತ್ರೆಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೊಂದು ಸಾಕು. ಆದರೆ ಹಲ್ಲುಸೆಟ್ಟಿನ ವಯಸ್ಸಿನವರಲ್ಲಿ ಹಲವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುತ್ತಾರೆ. ಬಾಯಿಗೆ ಹಚ್ಚುವ ಮೈಕೋನಜೋಲ್ ಕೂಡ ಅದರ ಪರಿಣಾಮವನ್ನು ಏರಿಸಿ ರಕ್ತಸ್ರಾವ ತರಬಲ್ಲದು; ದಂತವೈದ್ಯರು ಚೀಟಿ ಬರೆಯುವ ಮೊದಲು ಹೃದಯದ ಮಾತ್ರೆಗಳ ಬಗ್ಗೆ ವಿಚಾರಿಸುವುದು ಇದಕ್ಕೇ.