ಆಯುಧವನ್ನು ಕೊಟ್ಟವರಾರು?

ಹುಣ್ಣಿಮೆಯಂದು ಹುಲಿಗಿಯ ತುಂಗಭದ್ರಾತೀರದಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಸೇರುವ ಜನಸಂದಣಿಯನ್ನು ಕಂಡಾಗ ನಮಗೆ ದೇವೀಮಾಹಾತ್ಮ್ಯೆಯು ನೆನಪಾಗುವುದು. ಮಹಿಷಾಸುರನ ವಧೆಗಾಗಿ ಶಿವನು ಶೂಲವನ್ನೂ ವಿಷ್ಣುವು ಚಕ್ರವನ್ನೂ ದೇವಿಗೆ ಕೊಟ್ಟರೆಂದು ಅಲ್ಲಿ ಹೇಳಿದೆ. ದೇವತೆಗಳು ತಾವಾಗಿಯೇ ಸ್ತ್ರೀಗೆ ಆಯುಧವನ್ನು ಕೊಟ್ಟರು, ಮನುಷ್ಯರು ಕೊಟ್ಟರೇ?

ಚಿತ್ರದುರ್ಗದ ಓಬವ್ವೆಗೆ ಯಾರೂ ಕೊಡಲಿಲ್ಲ. ಆಕೆಯು ಕೋಟೆಯ ಕಾವಲುಗಾರನ ಹೆಂಡತಿ. 18ನೆಯ ಶತಮಾನದಲ್ಲಿ ಹೈದರಾಲಿಯ ಮುತ್ತಿಗೆಯ ಕಾಲಕ್ಕೆ, ಉಣ್ಣುತ್ತಿದ್ದ ಗಂಡನಿಗಾಗಿ ನೀರು ತರಲು ಹೋದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಮನೆಯ ಒನಕೆಯಿಂದಲೇ ಒಬ್ಬೊಬ್ಬರಾಗಿ ಕೆಡಹಿದಳೆಂದು ಪ್ರತೀತಿಯುಂಟು. ಕಿತ್ತೂರಿನ ಚೆನ್ನಮ್ಮನಾದರೋ ರಾಣಿ, ಆಕೆಗೆ ಸೈನ್ಯವಿದ್ದಿತು. 1824ನೆಯ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರಿನ ಕಾಳಗದಲ್ಲಿ ಹತನಾದನು. ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. 1829ರಲ್ಲಿ ರಾಣಿಯು ಬೈಲಹೊಂಗಲದ ಸೆರೆಯಲ್ಲಿ ಮಡಿದಳು.

ಇವರನ್ನು ಹಾಡಿ ಹೊಗಳಿದ ನಾವು ನಮ್ಮ ಹೆಣ್ಣುಮಕ್ಕಳ ಕೈಗೆ ಶಸ್ತ್ರವನ್ನು ಕೊಡುವಷ್ಟರಲ್ಲಿ ಸುಮಾರು ಎರಡು ಶತಮಾನಗಳೇ ಕಳೆದುವು. 2016ರಲ್ಲಿ ಮೂವರು ತರುಣಿಯರು ಯುದ್ಧವಿಮಾನಗಳ ಚಾಲನೆಗಾಗಿ ಭಾರತದ ವಾಯುಸೇನೆಯನ್ನು ಸೇರಿ, ನಮ್ಮ ಬೀದರದಲ್ಲಿಯೇ ಶಿಕ್ಷಣವನ್ನು ಮುಂದುವರಿಸಿದರು. ಅವರಲ್ಲೊಬ್ಬಳಾದ ಅವನಿ ಚತುರ್ವೇದಿಯು 2018ರಲ್ಲಿ ಮಿಗ್-21 ವಿಮಾನವನ್ನು ಒಬ್ಬಳೇ ಹಾರಿಸಿದಳು. 2022ರಲ್ಲಿ ಖಡಕವಾಸ್ಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೂ ಹುಡುಗಿಯರನ್ನು ಸೇರಿಸಿಕೊಂಡಿತು.

ಯುದ್ಧವು ಶ್ಲಾಘ್ಯವೆಂದು ನಾವು ಹೇಳುವವರಲ್ಲ. ಆದರೆ ಮಗಳು ದೇಶರಕ್ಷಣೆಗೆ ಹೊರಟೆನೆಂದಾಗ, "ಹೆಣ್ಣಿಗೇಕೆ ಈ ಕೆಲಸ?" ಎನ್ನುವ ಗೃಹಸ್ಥನು, ಗುಡಿಯಲ್ಲಿ ತಾನು ಯಾರಿಗೆ ಕೈಮುಗಿದು ಬಂದೆನೆಂಬುದನ್ನು ಒಮ್ಮೆ ನೆನೆಯಲಿ.