ಕಂದಕದಲ್ಲಿ ಹುಟ್ಟಿದ ನಗೆ

ಕಗ್ಗತ್ತಲೆಯ ರಾತ್ರಿ. ಆಕಾಶದ ತುಂಬ ಸಿಡಿಯುತ್ತಿರುವ ಫಿರಂಗಿಯ ಗುಂಡುಗಳು. ಕೆಳಗೆ, ಅಂಥದೇ ಒಂದು ಗುಂಡು ಬಿದ್ದು ತೋಡಿದ ಕುಳಿಯಲ್ಲಿ, ಹುದುಗಿಕೊಂಡ ಇಬ್ಬರು ಸಿಪಾಯಿಗಳು. ಒಬ್ಬನು ಜಾಗ ಸರಿಯಿಲ್ಲವೆಂದು ಗೊಣಗಿದ್ದಾನೆ. ಇದಕ್ಕಿಂತ ಒಳ್ಳೆಯ ಕುಳಿ ಎಲ್ಲಿಯಾದರೂ ಇದ್ದರೆ ಧಾರಾಳವಾಗಿ ಅಲ್ಲಿಗೇ ಹೋಗಬಹುದೆಂದು ದಪ್ಪ ಮೀಸೆಯ ಇನ್ನೊಬ್ಬನು ಸಿಡುಕುತ್ತಿದ್ದಾನೆ.

1915ರ ನವೆಂಬರಿನಲ್ಲಿ ಲಂಡನ್ನಿನ ‘ಬೈಸ್ಟ್ಯಾಂಡರ್’ ಎಂಬ ಸಚಿತ್ರ ವಾರಪತ್ರಿಕೆಯಲ್ಲಿ ಪ್ರಕಟವಾದ ಈ ಚಿತ್ರವು ಮೊದಲನೆಯ ಮಹಾಯುದ್ಧದ ಅತ್ಯಂತ ಪ್ರಸಿದ್ಧವಾದ ನಗೆಚಿತ್ರವೆನಿಸಿತು. ಅದನ್ನು ಬರೆದವನು ಬೆಚ್ಚನೆಯ ಕೋಣೆಯಲ್ಲಿ ಕುಳಿತು ರಣರಂಗವನ್ನು ಕಲ್ಪಿಸಿಕೊಂಡವನಲ್ಲ. ಅಂಥ ಕೆಸರಿನಲ್ಲಿ ನೆನೆದು, ನಡುಗಿ, ಗಾಯಗೊಂಡು ಬಂದ ಸೈನಿಕನೇ ಆತ. ಹೆಸರು ಬ್ರೂಸ್ ಬೇರ್ನ್ಸ್‌ಫಾದರ್.

ಆತನು ಹುಟ್ಟಿದ್ದು ಅವಿಭಜಿತ ಭಾರತದಲ್ಲಿ ಎಂದರೆ ನಮ್ಮ ಓದುಗರಿಗೆ ಕುತೂಹಲವೆನಿಸಬಹುದು. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ಅಧಿಕಾರಿ. ಇಂದು ಪಾಕಿಸ್ತಾನಕ್ಕೆ ಸೇರಿರುವ ಮರ್ರೀ ಎಂಬ ಗಿರಿಧಾಮದಲ್ಲಿ, 1887ರ ಜುಲೈ 9ರಂದು, ಬ್ರೂಸ್ ಜನಿಸಿದನು. ಬಾಲ್ಯದಲ್ಲಿಯೇ ಅವನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಮಗನೂ ಸೇನಾಧಿಕಾರಿಯಾಗಲೆಂಬುದು ಮನೆಯವರ ಆಸೆ. ಆದರೆ ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಕೆಲಕಾಲ ಮೀಸಲು ಪಡೆಯಲ್ಲಿದ್ದು, 1907ರಲ್ಲಿ ಅದನ್ನೂ ಬಿಟ್ಟು, ಚಿತ್ರಕಲೆಯನ್ನು ಕಲಿತನು. ಜಾಹೀರಾತುಗಳಿಗೆ ಚಿತ್ರ ಬರೆದದ್ದೂ ಉಂಟು. ಅದರಿಂದ ಜೀವನ ಸಾಗದೆ, ವಿದ್ಯುದ್ದೀಪಗಳ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದನು. 1914ರಲ್ಲಿ ಯುದ್ಧ ಆರಂಭವಾಗದಿದ್ದರೆ ಬಹುಶಃ ಆತನ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ.

ಯುದ್ಧವು ಬಂದೊಡನೆ ಆತನು ಮತ್ತೆ ಸೇನೆಯನ್ನು ಸೇರಿ, ರಾಯಲ್ ವಾರಿಕ್‌ಷೈರ್ ರೆಜಿಮೆಂಟಿನಲ್ಲಿ ಮೆಷಿನ್‌ಗನ್ ದಳದ ಅಧಿಕಾರಿಯಾಗಿ ಬೆಲ್ಜಿಯಮ್ಮಿನ ರಣರಂಗಕ್ಕೆ ಹೋದನು. ಅದು ಕುದುರೆಗಳೂ ಕತ್ತಿಗಳೂ ಮೆರೆಯುವ ಯುದ್ಧವಾಗಿರಲಿಲ್ಲ. ಎದುರುಬದುರಾಗಿ ತೋಡಿದ ಕಂದಕಗಳು, ನಡುವೆ ಮುಳ್ಳುತಂತಿ. ಮೊಣಕಾಲವರೆಗೆ ನೀರು, ಕೆಸರು, ಇಲಿಗಳ ಕಾಟ. ಆ ಚಳಿಗಾಲದ ಕ್ರಿಸ್ಮಸ್ ಹಬ್ಬದಂದು ಒಂದು ಆಶ್ಚರ್ಯ ನಡೆಯಿತು. ಇಬ್ಬದಿಯ ಸೈನಿಕರು ಕಂದಕಗಳಿಂದ ಎದ್ದು ಬಂದು ಪರಸ್ಪರ ಕೈಕುಲುಕಿದರು. ಬೇರ್ನ್ಸ್‌ಫಾದರನು ಜರ್ಮನ್ ಅಧಿಕಾರಿಯೊಬ್ಬನೊಡನೆ ಅಂಗಿಯ ಗುಂಡಿಗಳನ್ನು ವಿನಿಮಯ ಮಾಡಿಕೊಂಡನು. ಆತನ ದಳದ ಸಿಪಾಯಿಯೊಬ್ಬನು ಶತ್ರುವಿನ ಕಡೆಯವನೊಬ್ಬನನ್ನು ಮಂಡಿಯೂರಿ ಕೂರಿಸಿ ಕ್ಷೌರ ಮಾಡುತ್ತಿದ್ದುದನ್ನು ಕಂಡನು. ಈ ದಿನದ ನೆನಪನ್ನು ಆತನು 1916ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಶತ್ರುವೂ ತಲೆಗೂದಲು ಬೆಳೆಯುವ ಮನುಷ್ಯನೇ ಎಂಬುದನ್ನು ಕಣ್ಣಾರೆ ಕಂಡವನ ಕೈಯಿಂದ ದ್ವೇಷದ ಚಿತ್ರಗಳು ಮೂಡದಿದ್ದುದು ಸಹಜವೇ ಸರಿ.

ಮುರಿದುಬಿದ್ದ ಹಳ್ಳಿಮನೆಗಳಲ್ಲಿ ತಂಗಿದಾಗ ಆತನು ಇದ್ದಿಲಿನಿಂದ ಗೋಡೆಗಳ ಮೇಲೆ ಚಿತ್ರ ಬರೆದು ಸಂಗಡಿಗರನ್ನು ನಗಿಸುತ್ತಿದ್ದನು. ಒಂದು ದಿನ ಅವರಿದ್ದ ಮನೆಯ ಸಮೀಪದಲ್ಲಿಯೇ ಗುಂಡು ಸಿಡಿಯಿತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಈ ಸಲದ್ದು ಎಲ್ಲಿ ಬಿತ್ತು ಎಂಬುದೇ ಎಲ್ಲರ ಪ್ರಶ್ನೆ. ಆ ಗಳಿಗೆಯನ್ನೇ ಆತನು ಕಾಗದದ ಮೇಲೆ ಇಳಿಸಿದನು. ಗೆಳೆಯರ ಒತ್ತಾಯದಿಂದ ‘ಬೈಸ್ಟ್ಯಾಂಡರ್’ ಪತ್ರಿಕೆಗೆ ಕಳುಹಿಸಿದ ಆ ಚಿತ್ರವು 1915ರ ಮಾರ್ಚ್ ತಿಂಗಳಲ್ಲಿ ಅಚ್ಚಾಯಿತು.

ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಯುದ್ಧದ ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಸೇನೆಯು ಪತ್ರಕರ್ತರನ್ನೂ ಛಾಯಾಗ್ರಾಹಕರನ್ನೂ ರಣರಂಗದ ಹತ್ತಿರ ಬಿಡುತ್ತಿರಲಿಲ್ಲ. ಆದುದರಿಂದ ಸಚಿತ್ರ ಪತ್ರಿಕೆಗಳ ಎಷ್ಟೋ ಚಿತ್ರಗಳು ಲಂಡನ್ನಿನಲ್ಲಿಯೇ, ಕೇಳಿದ ಸುದ್ದಿಯ ಆಧಾರದ ಮೇಲೆ ಹುಟ್ಟುತ್ತಿದ್ದವು. ಎದೆ ಸೆಟೆಸಿದ ವೀರರು ಬಂದೂಕ ಹಿಡಿದು ಮುನ್ನುಗ್ಗುವ ಚಿತ್ರಗಳು ಅವು. ಮಗನನ್ನು ಯುದ್ಧಕ್ಕೆ ಕಳುಹಿಸಿದ ತಾಯಿಗೆ ಅವುಗಳಿಂದ ಹೆಮ್ಮೆ ಎನಿಸಿರಬಹುದು. ಮಗನು ಅಲ್ಲಿ ಹೇಗಿದ್ದಾನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ.

1915ರ ಏಪ್ರಿಲಿನಲ್ಲಿ, ಈಪರ್ ಪಟ್ಟಣದ ಬಳಿ ನಡೆದ ಎರಡನೆಯ ಕದನದಲ್ಲಿ, ಗುಂಡೊಂದು ಪಕ್ಕದಲ್ಲಿಯೇ ಸಿಡಿದು ಬೇರ್ನ್ಸ್‌ಫಾದರನು ಗಾಯಗೊಂಡನು. ಕಿವಿಗೆ ಪೆಟ್ಟಾಯಿತು; ಮನಸ್ಸು ತತ್ತರಿಸಿತು. ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ ಪತ್ರಿಕೆಯವರು ಇನ್ನಷ್ಟು ಚಿತ್ರಗಳನ್ನು ಬೇಡಿದರು. ದೇಶವನ್ನೇ ನಗಿಸಿದ ಚಿತ್ರಮಾಲೆಯು ಬೆಳೆದದ್ದು ಹೀಗೆ, ನಡುಗುವ ಮನಸ್ಸೊಂದು ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ. ಆ ದಪ್ಪ ಮೀಸೆಯ ‘ಓಲ್ಡ್ ಬಿಲ್’ ಮನೆಮಾತಾದನು. ಸಂಗ್ರಹಗಳು ಲಕ್ಷಗಟ್ಟಲೆ ಮಾರಾಟವಾದವು. ಸಿಪಾಯಿಗಳು ಪತ್ರಿಕೆಯ ಹಾಳೆಯನ್ನು ಕತ್ತರಿಸಿ ತಮ್ಮ ಕಂದಕದ ಗೋಡೆಗೆ ಅಂಟಿಸಿಕೊಂಡರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕೊಳಕು ಬಟ್ಟೆಯ, ಗೊಣಗುವ ಸಿಪಾಯಿಯನ್ನು ತೋರಿಸುವುದು ಸೇನೆಯ ಮರ್ಯಾದೆಗೆ ಕುಂದು ಎಂದವರಿದ್ದರು. ಅವರಿಗೆ ಬೇಕಾಗಿದ್ದುದು ವೀರರಸ. ಹಾಸ್ಯವು ಅದರ ವೈರಿಯೆಂದು ಅವರ ಭಾವನೆ. ನಮ್ಮ ಉತ್ತರಕುಮಾರನೂ ರಣರಂಗದಲ್ಲಿ ನಗೆಗೀಡಾದವನೇ. ಆದರೆ ಅವನು ನಗೆಗೀಡಾದದ್ದು ಅಂತಃಪುರದಲ್ಲಿ ಬಡಾಯಿ ಕೊಚ್ಚಿ, ಕೌರವಸೇನೆಯನ್ನು ಕಂಡು ಓಡಿದ್ದಕ್ಕೆ. ಬಿಲ್ ಬಡಾಯಿ ಕೊಚ್ಚುವವನೂ ಅಲ್ಲ, ಓಡುವವನೂ ಅಲ್ಲ. ಬೈಯುತ್ತಾನೆ, ಗೊಣಗುತ್ತಾನೆ, ಕುಳಿಯಲ್ಲಿಯೇ ಇರುತ್ತಾನೆ. ಭಯವನ್ನು ಬಲ್ಲವನು ಬಿಟ್ಟು ಹೋಗದೆ ನಿಲ್ಲುವುದೂ ಒಂದು ಬಗೆಯ ವೀರವೆಂಬುದನ್ನು ಸಿಪಾಯಿಗಳು ಅರಿತಿದ್ದರು. ಅಧಿಕಾರಿಗಳು ಅರಿಯಲು ತಡವಾಯಿತು. ಅರಿತ ಮೇಲೆ ಸೇನಾ ಇಲಾಖೆಯೇ ಆತನನ್ನು ಚಿತ್ರಕಾರನಾಗಿ ನೇಮಿಸಿ, ಫ್ರೆಂಚ್, ಇಟಾಲಿಯನ್, ಅಮೆರಿಕನ್ ಪಡೆಗಳಿದ್ದಲ್ಲಿಗೂ ಕಳುಹಿಸಿತು.

ಕುಳಿಯ ಆ ಮಾತಿನ ಹೆಸರನ್ನೇ ಹೊತ್ತ ನಾಟಕವು 1917ರಲ್ಲಿ ಲಂಡನ್ನಿನ ರಂಗವನ್ನೇರಿತು. 1926ರ ಚಲನಚಿತ್ರದಲ್ಲಿ ಚಾರ್ಲಿ ಚಾಪ್ಲಿನ್ನನ ಅಣ್ಣ ಸಿಡ್ ಚಾಪ್ಲಿನ್ ಬಿಲ್ ಆಗಿ ನಟಿಸಿದನು. ಎರಡನೆಯ ಮಹಾಯುದ್ಧದಲ್ಲಿ ಬೇರ್ನ್ಸ್‌ಫಾದರನು ಅಮೆರಿಕನ್ ಪಡೆಗಳಿಗಾಗಿ ಚಿತ್ರ ಬರೆದು, 1959ರ ಸೆಪ್ಟೆಂಬರ್ 29ರಂದು ತೀರಿಕೊಂಡನು. ಮೊದಲನೆಯ ಯುದ್ಧದಲ್ಲಿ ಸೈನಿಕರನ್ನು ರಣರಂಗಕ್ಕೆ ಸಾಗಿಸಿದ ಲಂಡನ್ನಿನ ಬಸ್ಸೊಂದು ಇಂದಿಗೂ ಉಳಿದಿದೆ. ಅದಕ್ಕೆ ಯಾವ ಸೇನಾಪತಿಯ ಹೆಸರೂ ಇಲ್ಲ. ಅದರ ಹೆಸರು ‘ಓಲ್ ಬಿಲ್’.

ಯುದ್ಧದ ಇತಿಹಾಸದಲ್ಲಿ ಗೆದ್ದ ಊರುಗಳ, ಸತ್ತವರ ಲೆಕ್ಕ ದೊರೆಯುತ್ತದೆ. ಕುಳಿಯಲ್ಲಿ ಕುಳಿತು ಬೆಳಗಾಗುವುದನ್ನು ಕಾಯುತ್ತಿದ್ದವನು ಏನೆಂದು ಗೊಣಗಿದನೆಂಬುದು ಮಾತ್ರ ಪಕ್ಕದಲ್ಲಿ ಕುಳಿತಿದ್ದವನಿಗಷ್ಟೇ ತಿಳಿಯುವ ಸಂಗತಿ. ಅವನ ಕೈಯಲ್ಲಿ ಒಂದು ಪೆನ್ಸಿಲ್ ಇದ್ದುದು ನಮ್ಮ ಭಾಗ್ಯ.